ಪಿಕಪ್ ಓಡಿಸೋಕೆ ಬ್ಯಾಡ್ಜ್ ಬೇಕಾ? 7,500 ಕೆಜಿ ಅನ್ನೋ ಅಂಕಿಯ ಹಿಂದಿನ ಕಥೆ

ಈ ವಾರದ ವಿಷಯ ಕೇಳಿದ ಕೂಡ್ಲೆ ಕೆಲವರ ಬೆರಳು ಸ್ಕಿಪ್ ಬಟನ್ ಹತ್ರ ಹೋಗ್ತದೆ, ನಂಗೊತ್ತು. ಲೈಸೆನ್ಸ್, ತೂಕ, ಸೆಕ್ಷನ್ನು, ಸಬ್‌ಸೆಕ್ಷನ್ನು. ಒಂದು ನಿಮಿಷ ತಡೀರಿ. ನಿಮ್ಮ ಮನೇಲೋ ಓಣಿಲೋ ಒಂದು ಬೊಲೆರೊ ಪಿಕಪ್ ಇದ್ರೆ, ಅದನ್ನ ಓಡಿಸೋನ ಜೇಬಲ್ಲಿರೋ ಕಾರ್ಡ್ ಮೇಲೆ ಯಾವ ಎರಡು ಅಕ್ಷರ ಅಚ್ಚಾಗಿವೆ ಅನ್ನೋದರ ಮೇಲೆ ಒಂದು ಕುಟುಂಬದ ಹೊಲ ಉಳಿಯುತ್ತೋ ಮಾರಾಟ ಆಗುತ್ತೋ ಅನ್ನೋದು ಸುಮಾರು ಮೂವತ್ತು ವರ್ಷ ನಿಂತಿತ್ತು. ಅದಕ್ಕೆ ಕೊನೇ ಉತ್ತರ ಸಿಕ್ಕಿದ್ದು 2024ರ ನವೆಂಬರ್ 6ಕ್ಕೆ.

ಮುಳವಾಡದಿಂದ ಶುರು ಮಾಡ್ತೀನಿ. ಹಳೇ ಬಸವನ ಬಾಗೇವಾಡಿ ತಾಲೂಕಿನ ಊರು. ಈ ಹೆಸರನ್ನ ನೀವು ಹೆಚ್ಚಾಗಿ ಕೇಳಿರೋದು ಮುಳವಾಡ ಏತ ನೀರಾವರಿ ಅಂತ. ಆಲಮಟ್ಟಿ ಹಿನ್ನೀರು ಎತ್ತಿ ಒಣ ಭೂಮಿಗೆ ಹರಿಸೋ ಯೋಜನೆ. ಪಕ್ಕದಲ್ಲೇ ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ. ಈ ಕಡೆ ಕೊಲ್ಹಾರ, ಅಲ್ಲಿಂದ ಕೃಷ್ಣೆ ದಾಟೋ ಉದ್ದನೆ ಸೇತುವೆ. ನೀರು ಬಂದ ಕಡೆ ಬೆಳೆ ಬದಲಾಯ್ತು, ಬೆಳೆ ಬದಲಾದ ಕಡೆ ಗಾಡಿ ಬದಲಾಯ್ತು. ಜೋಳದ ಚೀಲ ನಾಲ್ಕು ದಿನ ತಡವಾಗಿ ಪೇಟೆಗೆ ಹೋದ್ರೂ ಏನೂ ಆಗಲ್ಲ. ದ್ರಾಕ್ಷಿ, ದಾಳಿಂಬೆ, ಲಿಂಬೆ, ಉಳ್ಳಾಗಡ್ಡಿ ಹಾಗಲ್ಲ, ಇವತ್ತೇ ಹೋಗ್ಬೇಕು. ದೊಡ್ಡ ಲಾರಿ ತುಂಬುವಷ್ಟು ಮಾಲು ಸಣ್ಣ ರೈತನ ಹತ್ರ ಇರಲ್ಲ. ಹೊಲದ ಕಚ್ಚಾ ದಾರಿಗೆ, ಎರಿ ಮಣ್ಣಿನ ಕೆಸರಿಗೆ ಲಾರಿ ಇಳಿಯಂಗೂ ಇಲ್ಲ. ಅದಕ್ಕೇ ಪಿಕಪ್.

ಆಸ್ಟ್ರೇಲಿಯಾದಲ್ಲಿ ಇಂಥ ಗಾಡಿಗೆ 'ಯೂಟ್' ಅಂತಾರೆ. ಅಲ್ಲಿ ಮಾಮೂಲಿ ಕಾರ್ ಲೈಸೆನ್ಸ್ ಮೇಲೆ ಒಟ್ಟು ತೂಕ 4.5 ಟನ್ ತನಕ ಓಡಿಸಬಹುದು. ಅಮೆರಿಕದಿಂದ ಬರೋ ದೈತ್ಯ ಫೋರ್ ವೀಲ್ ಡ್ರೈವ್ ಪಿಕಪ್‌ಗಳನ್ನ ಅಲ್ಲಿ ಮಾರುವಾಗ, ಕಾಗದದ ಮೇಲಿನ ತೂಕವನ್ನ 4,500 ಕೆಜಿಗಿಂತ ಚೂರು ಕೆಳಗೆ ತಂದು ನಿಲ್ಲಿಸ್ತಾರೆ. ಗಾಡಿಗೆ ಇನ್ನೂ ಹೊರೋ ತಾಕತ್ತಿದ್ರೂ ಗಿರಾಕಿ ಹತ್ರ ಲಾರಿ ಲೈಸೆನ್ಸ್ ಇರಲ್ಲವಲ್ಲ. ಬ್ರಿಟನ್‌ನಲ್ಲಿ ಇನ್ನೊಂದು ತಮಾಷೆ: 1997ರ ಜನವರಿ 1ಕ್ಕಿಂತ ಮೊದಲು ಕಾರ್ ಟೆಸ್ಟ್ ಪಾಸಾದವರು 7.5 ಟನ್ ತನಕ ಓಡಿಸಬಹುದು, ಆಮೇಲೆ ಪಾಸಾದವರಿಗೆ 3.5 ಟನ್ ಅಷ್ಟೇ. ಅಪ್ಪನಿಗೆ ಇರೋ ಹಕ್ಕು ಮಗನಿಗಿಲ್ಲ. ಈ 7.5 ಟನ್ ಅನ್ನೋದನ್ನ ನೆನಪಲ್ಲಿ ಇಟ್ಕೊಳ್ರಿ.

ಈಗ ನಮ್ಮ ಕಡೆ ಬರೋಣ. ದೇಶದ ಮೊದಲ ಮೋಟಾರು ವಾಹನ ಕಾಯ್ದೆ 1914ರದ್ದು, ಎರಡನೇದು 1939ರದ್ದು. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು; ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. 1939ರ ಕಾಯ್ದೆಯಲ್ಲಿ ಗಾಡಿ ತೂಕ ಬರೆದಿದ್ದು ಪೌಂಡ್ ಲೆಕ್ಕದಲ್ಲಿ. ಆ ಕಾಲದ ಬಗ್ಗೆ ಹೆಚ್ಚು ಹೇಳೋಕೆ ಹೋಗಲ್ಲ, ಯಾಕಂದ್ರೆ ನಮ್ಮ ಹಳ್ಳಿಗಳ ಮಾಲು ಆಗ ಹೋಗ್ತಿದ್ದದ್ದು ಚಕ್ಕಡಿಯಲ್ಲಿ. ಚಕ್ಕಡಿಗೆ ಲೈಸೆನ್ಸ್ ಕೇಳೋರು ಯಾರು?

ನಿಜವಾದ ಕಥೆ ಶುರುವಾಗೋದು ಎಂಬತ್ತರ ದಶಕದಲ್ಲಿ. ಅಲ್ಲಿ ತನಕ ಸಣ್ಣ ಗಾಡಿ ಅಂದ್ರೆ ಟೆಂಪೊ, ಮಟಾಡೋರ್. ದೊಡ್ಡದು ಅಂದ್ರೆ ಲಾರಿ. ನಡುವೆ ಹೆಚ್ಚೇನೂ ಇರಲಿಲ್ಲ. ಆ ಜಾಗಕ್ಕೆ ಜಪಾನಿ ಕಂಪನಿಗಳ ಜೊತೆ ಕೈಜೋಡಿಸಿ ನಾಲ್ಕು ಗಾಡಿ ಬಂದವು: ಸ್ವರಾಜ್ ಮಜ್ದಾ, ಡಿಸಿಎಂ ಟೊಯೋಟಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿಯ ಕ್ಯಾಂಟರ್. ಟಾಟಾ ಅದಕ್ಕೆ ಉತ್ತರವಾಗಿ 1986ರಲ್ಲಿ 407 ಬಿಟ್ಟಿತು. ಇವತ್ತಿಗೂ ನಮ್ಮಲ್ಲಿ ಯಾವ ಕಂಪನಿಯ ಮಧ್ಯಮ ಗಾಡಿಯಾದ್ರೂ 'ಕ್ಯಾಂಟರ್' ಅಂತಲೇ ಕರೀತಾರೆ.

ಇದೇ ಹೊತ್ತಿಗೆ ಹೊಸ ಕಾಯ್ದೆ ಬಂತು. 1988ರ ಮೋಟಾರು ವಾಹನ ಕಾಯ್ದೆ, ಜಾರಿ ಆದದ್ದು 1989ರ ಜುಲೈ 1ರಿಂದ. ಅದರಲ್ಲಿ ಲಘು ಮೋಟಾರು ವಾಹನ, ಅಂದ್ರೆ ನಿಮ್ಮ ಲೈಸೆನ್ಸ್ ಮೇಲಿನ ಎಲ್‌ಎಂವಿ, 6,000 ಕೆಜಿ ತನಕ. ಅದಕ್ಕಿಂತ ಮೇಲಿನವಕ್ಕೆ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರೀ ಸರಕು, ಭಾರೀ ಪ್ರಯಾಣಿಕ ಅಂತ ನಾಲ್ಕು ಬೇರೆ ವರ್ಗ. 1994ರ ತಿದ್ದುಪಡಿ ಇಲ್ಲಿ ಎರಡು ಕೆಲಸ ಮಾಡ್ತು. ಒಂದು, 6,000 ಇದ್ದದ್ದನ್ನ 7,500 ಮಾಡಿತು. ಎರಡು, ಆ ನಾಲ್ಕು ವರ್ಗ ತೆಗೆದು 'ಸಾರಿಗೆ ವಾಹನ' ಅಂತ ಒಂದೇ ವರ್ಗ ಮಾಡಿತು. ಸರಳ ಮಾಡೋದು ಉದ್ದೇಶ. ಆಗಿದ್ದು ಉಲ್ಟಾ.

ಯಾಕೆ ಅಂತ ನಿಧಾನಕ್ಕೆ ಕೇಳ್ರಿ. ಬೊಲೆರೊ ಪಿಕಪ್ ಒಟ್ಟು ತೂಕ ಮೂರು ಟನ್ ಆಸುಪಾಸು. 7,500ರ ಒಳಗೇ ಇದೆ, ಹಾಗಾಗಿ ಎಲ್‌ಎಂವಿ. ಆದ್ರೆ ಅದು ಬಾಡಿಗೆಗೆ ಸರಕು ಹೊರುತ್ತೆ, ಯಲ್ಲೋ ಬೋರ್ಡ್, ಹಾಗಾಗಿ ಸಾರಿಗೆ ವಾಹನ. ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಸಾರಿಗೆ ವಾಹನ ಓಡಿಸೋಕೆ ಲೈಸೆನ್ಸ್‌ನಲ್ಲಿ ಅದಕ್ಕಂತಲೇ ಅನುಮತಿ ಇರಬೇಕು. ನಮ್ಮ ಕಡೆ ಇದಕ್ಕೇ ಬ್ಯಾಡ್ಜ್ ಅನ್ನೋದು. ಒಂದೇ ಗಾಡಿ, ಎರಡು ಹೆಸರು. ಎಲ್‌ಎಂವಿ ಲೈಸೆನ್ಸ್ ಸಾಕಾ, ಬ್ಯಾಡ್ಜೂ ಬೇಕಾ? ಕಾಯ್ದೆ ಓದಿದ್ರೆ ಎರಡೂ ಉತ್ತರ ಬರುತ್ತೆ.

ಬ್ಯಾಡ್ಜ್ ಮಾಡಿಸಿಕೊಂಡ್ರೆ ಆಯ್ತಲ್ಲ ಅಂತೀರಿ. ವಯಸ್ಸು 20 ಆಗಿರಬೇಕು. ಎಲ್‌ಎಂವಿ ಲೈಸೆನ್ಸ್ ಬಂದು ಒಂದು ವರ್ಷ ಕಳೆದಿರಬೇಕು. ಮೂರು ವರ್ಷಕ್ಕೊಮ್ಮೆ ರಿನೀವಲ್. 2019ರ ತಿದ್ದುಪಡಿ ಆದ ಮೇಲೆ ಐದು. ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ಅಂದ್ರೆ ಎಂಟನೇ ಕ್ಲಾಸ್ ಪಾಸ್ ಆಗಿರಬೇಕು ಅನ್ನೋ ನಿಯಮ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ ತೆಗೆದು ಹಾಕಿತು. ಅಲ್ಲಿ ತನಕ, ಹತ್ತು ವರ್ಷದಿಂದ ಸ್ಟೇರಿಂಗ್ ಹಿಡಿದ, ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಡ್ರೈವರ್‌ಗೆ ಬ್ಯಾಡ್ಜ್ ಕೇಳಿದ್ರೆ ಅವನು ಎಲ್ಲಿಂದ ತರ್ತಾನೆ? ಮಾರ್ಕ್ಸ್ ಕಾರ್ಡಿಂದ ಬ್ರೇಕ್ ಹಾಕೋಕೆ ಬರಲ್ಲ. ಆ ನಿಯಮ ನನ್ನ ಪ್ರಕಾರ ಶುರುವಿನಿಂದಲೂ ತಪ್ಪು.

ಸರಿ, ಬ್ಯಾಡ್ಜ್ ಇಲ್ಲ. ಆಕ್ಸಿಡೆಂಟ್ ಆಯ್ತು, ಒಬ್ಬರು ತೀರಿಕೊಂಡರು. ಕೇಸ್ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತೆ. ಗಾಡಿಗೆ ಇನ್ಶೂರೆನ್ಸ್ ಇದೆ, ಪ್ರೀಮಿಯಂ ಸರಿಯಾಗಿ ಕಟ್ಟಿದ್ದಾರೆ. ಕಂಪನಿ ವಕೀಲರು ಎದ್ದು ಹೇಳೋ ಮೊದಲ ಮಾತು: ಡ್ರೈವರ್‌ಗೆ ಸಿಂಧು ಲೈಸೆನ್ಸ್ ಇರಲಿಲ್ಲ, ಪಾಲಿಸಿ ಷರತ್ತು ಮುರಿದಿದೆ, ದುಡ್ಡು ನಾವು ಕೊಡಲ್ಲ. ಸಂತ್ರಸ್ತರ ಕುಟುಂಬಕ್ಕೆ ಅನ್ಯಾಯ ಆಗಬಾರದು ಅಂತ ಕೋರ್ಟ್‌ಗಳು ಇದಕ್ಕೊಂದು ದಾರಿ ಹಿಡಿದಿದ್ದವು. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಅದು ಗಟ್ಟಿಯಾಯ್ತು. ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ. ಕೋರ್ಟ್ ಭಾಷೇಲಿ 'ಪೇ ಅಂಡ್ ರಿಕವರ್'.

ನಾನು ಬಿ.ಕಾಂ. ಓದಿದವ, ಹಾಗಾಗಿ ಇದನ್ನ ಬ್ಯಾಲೆನ್ಸ್ ಶೀಟ್ ಕಣ್ಣಲ್ಲಿ ನೋಡ್ತೀನಿ. ಸಾಲದ ಮೇಲೆ ತಗೊಂಡ ಒಂದೇ ಒಂದು ಪಿಕಪ್ ಇರೋನ ತಲೆ ಮೇಲೆ ಲಕ್ಷಾಂತರ ರೂಪಾಯಿಯ ಹೊಣೆ, ಯಾವ ಪುಸ್ತಕದಲ್ಲೂ ಬರೆಯದೆ, ದಿನಾ ಕೂತಿತ್ತು. ಕಂಪನಿ ವಸೂಲಿಗೆ ಬಂದ್ರೆ ಮಾರೋದು ಗಾಡಿ, ಅದು ಸಾಲದಿದ್ರೆ ಹೊಲ.

ಕೋರ್ಟ್‌ಗಳಾದ್ರೂ ಒಂದೇ ಮಾತು ಹೇಳಿದವಾ? ಇಲ್ಲ. ಟ್ರಾಕ್ಟರ್‌ಗೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರಾಕ್ಟರ್ ಲೈಸೆನ್ಸ್ ಇದ್ದೋನು ಲೈಸೆನ್ಸ್ ಇಲ್ಲದೋನು ಆಗಲ್ಲ ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಕಬ್ಬಿನ ಸೀಜನ್‌ನಲ್ಲಿ ನಮ್ಮ ರಸ್ತೆ ನೋಡಿದೋರಿಗೆ ಈ ತೀರ್ಪಿನ ಬೆಲೆ ಗೊತ್ತು. ಅದೇ 2001ರ ಮಾರ್ಚ್ 28ಕ್ಕೆ ಲೈಸೆನ್ಸ್ ಅರ್ಜಿಯ ನಮೂನೆ ಬದಲಾಯ್ತು, 'ಸಾರಿಗೆ ವಾಹನ' ಅನ್ನೋ ಕಾಲಂ ಬಂತು. ಆಮೇಲೆ 2008ರಲ್ಲಿ ಕರ್ನಾಟಕದಿಂದ ಹೋದ ಒಂದು ಮಟಾಡೋರ್ ಕೇಸ್. ಅಪಘಾತ 1999ರದ್ದು. ನಮೂನೆ ಬದಲಾಗೋದಕ್ಕಿಂತ ಮೊದಲಿನ ಘಟನೆ, ಆದ್ದರಿಂದ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಕೋರ್ಟ್ ಹೇಳಿತು. ಅಂದ್ರೆ ಅದೇ ಅಪಘಾತ ಎರಡು ವರ್ಷ ತಡವಾಗಿ ಆಗಿದ್ದಿದ್ರೆ? ಒಂದು ಫಾರ್ಮ್‌ನ ಕಾಲಂ ಮೇಲೆ ಒಂದು ಮನೆ ನಿಂತಿತ್ತು. ಬೇರೆ ಪೀಠಗಳು ಬ್ಯಾಡ್ಜ್ ಬೇಕೇ ಬೇಕು ಅಂದವು, 2013ರಲ್ಲಿ ಇನ್ನೊಂದು ಪೀಠ ಬೇಡ ಅಂತು.

2017ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮುಕುಂದ ದೇವಾಂಗನ್ ಕೇಸ್‌ನಲ್ಲಿ ಬ್ಯಾಡ್ಜ್ ಬೇಡ ಅಂತ ತೀರ್ಮಾನಿಸಿತು. 2018ರ ಏಪ್ರಿಲ್ 16ಕ್ಕೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಹಾಗೇ ಸುತ್ತೋಲೆ ಕಳಿಸ್ತು. ಮುಗೀತು ಅನ್ಕೊಂಡ್ರಿ? ವಿಮಾ ಕಂಪನಿಗಳು ಬಿಡಲಿಲ್ಲ, 2022ರಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಯ್ತು. ಕೊನೆಗೆ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರ ಸಂವಿಧಾನ ಪೀಠ, ತೀರ್ಪು ಬರೆದವರು ನ್ಯಾಯಮೂರ್ತಿ ಹೃಷಿಕೇಶ್ ರಾಯ್: ಒಟ್ಟು ತೂಕ 7,500 ಕೆಜಿ ಒಳಗಿದ್ರೆ ಎಲ್‌ಎಂವಿ ಲೈಸೆನ್ಸ್ ಇದ್ದೋನು ಸಾರಿಗೆ ವಾಹನವನ್ನೂ ಓಡಿಸಬಹುದು. ಸಾರಿಗೆ ವಾಹನಕ್ಕೆ ಅಂತ ಇರೋ ಹೆಚ್ಚುವರಿ ಅರ್ಹತೆಗಳು ಅದಕ್ಕಿಂತ ಭಾರದ ಗಾಡಿಗಳಿಗೆ. ನಂಗೆ ಇಷ್ಟ ಆಗಿದ್ದು ತೀರ್ಪಿನ ಇನ್ನೊಂದು ಮಾತು. ಎಲ್‌ಎಂವಿ ಲೈಸೆನ್ಸ್‌ನವರು ಇಂಥ ಗಾಡಿ ಓಡಿಸೋದರಿಂದಲೇ ಅಪಘಾತ ಹೆಚ್ಚಾಗ್ತಿದೆ ಅಂತ ತೋರಿಸೋ ಅಂಕಿಅಂಶ ಯಾರೂ ಕೋರ್ಟ್ ಮುಂದೆ ಇಟ್ಟಿರಲಿಲ್ಲವಂತೆ. ಇಷ್ಟು ವರ್ಷ ವಾದ ಮಾಡಿದ್ದು ಯಾವ ಲೆಕ್ಕದ ಮೇಲೆ ಹಾಗಾದ್ರೆ?

ಇಲ್ಲಿ ಒಂದು ಗೊಂದಲ ಬಿಡಿಸ್ತೀನಿ, ಯಾಕಂದ್ರೆ ತುಂಬಾ ಜನ ಕೇಳ್ತಾರೆ. ಸರಕು ಗಾಡಿಗೆ ನೋಡೋದು ಒಟ್ಟು ತೂಕ, ಅಂದ್ರೆ ಗಾಡಿ ಮತ್ತು ಅದು ಹೊರಬಹುದಾದ ಮಾಲು ಎರಡೂ ಸೇರಿ. ಕಾರು, ಟ್ರಾಕ್ಟರ್, ರೋಡ್ ರೋಲರ್‌ಗೆ ನೋಡೋದು ಖಾಲಿ ತೂಕ. ಎರಡೂ ಆರ್‌ಸಿಯಲ್ಲಿ ಇರುತ್ತೆ. ಆಮೇಲೆ, ಒಟ್ಟು ತೂಕ ಅಂದ್ರೆ ನೋಂದಣಿ ಆದ ತೂಕ, ನೀವು ಇವತ್ತು ಹೇರಿದ್ದಲ್ಲ. ಮೂರು ಟನ್ನಿನ ಗಾಡಿಗೆ ಐದು ಟನ್ ಮಾಡಿ, ಇನ್ನೂ 7,500 ಆಗಿಲ್ಲವಲ್ಲ ಅನ್ನೋ ಜಾಣತನ ನಡೆಯಲ್ಲ. ಲೈಸೆನ್ಸ್ ಸರಿ ಇರಬಹುದು, ಓವರ್‌ಲೋಡ್ ಬೇರೆ ಕೇಸ್.

ಓವರ್‌ಲೋಡ್‌ಗೂ ಒಂದು ಇತಿಹಾಸ ಇದೆ. ಕೆಲವು ರಾಜ್ಯಗಳು ದಂಡ ಕಟ್ಟಿಸಿಕೊಂಡು ಹೆಚ್ಚಿನ ಭಾರದ ಸಮೇತ ಲಾರಿಯನ್ನ ಮುಂದಕ್ಕೆ ಬಿಡ್ತಿದ್ದವು. ಅಂದ್ರೆ ದಂಡ ಒಂಥರಾ ಟಿಕೆಟ್. ಹಾಗೆ ಬಿಡೋ ಹಂಗಿಲ್ಲ, ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. 2018ರ ಜುಲೈನಲ್ಲಿ ಸರ್ಕಾರ ಮಿತಿಯನ್ನೇ ಏರಿಸಿತು: ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5, ಮೂರು ಆಕ್ಸಲ್ ಲಾರಿಯ ಒಟ್ಟು ತೂಕ 25 ಟನ್ ಇದ್ದದ್ದು 28.5. ದೊಡ್ಡ ಲಾರಿಯವರಿಗೆ ಒಂದು ಟ್ರಿಪ್‌ಗೆ ಮೂರೂವರೆ ಟನ್ ಲಾಭ. ಪಿಕಪ್‌ನವರಿಗೆ ಇದರಿಂದ ಏನೂ ಬರಲಿಲ್ಲ. ಅವರಿಗೆ ಬಂದದ್ದು ಮರುವರ್ಷದ ದಂಡ: 2,000 ರೂಪಾಯಿ ಇದ್ದದ್ದು 20,000 ಆಯ್ತು, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹತ್ತು ಗಾಲಿ ಲಾರಿಗೂ 20,000, ಪಿಕಪ್ಪಿಗೂ 20,000. ಒಂದು ಟ್ರಿಪ್ಪಿನ ಬಾಡಿಗೆಗೆ ಹೋಲಿಸಿದ್ರೆ ಯಾರಿಗೆ ಜಾಸ್ತಿ ಪೆಟ್ಟು ಅಂತ ನೀವೇ ಲೆಕ್ಕ ಹಾಕ್ರಿ.

ಇವತ್ತು ಒಂದು ಕೆಲಸ ಮಾಡ್ರಿ. ಮನೇಲಿರೋ ಗಾಡಿಯ ಆರ್‌ಸಿ ತೆಗೆದು ಆ ಎರಡು ತೂಕ ಓದ್ರಿ, ಡ್ರೈವರ್ ಲೈಸೆನ್ಸ್ ಪಕ್ಕದಲ್ಲಿಡ್ರಿ. ಹಳೇ ಅಪಘಾತದ ಕೇಸ್ ಬ್ಯಾಡ್ಜ್ ಕಾರಣಕ್ಕೆ ಇನ್ನೂ ಕೋರ್ಟಲ್ಲಿ ನಿಂತಿದ್ರೆ, ವಕೀಲರ ಹತ್ರ 2024ರ ರಂಭಾ ದೇವಿ ತೀರ್ಪಿನ ಬಗ್ಗೆ ಕೇಳ್ರಿ. ಮುಂದಿನ ಕಂತು ಟ್ರಾಕ್ಟರ್ ಮೇಲೆ, ಕಬ್ಬಿನ ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಯಾಕೆ ಇರಲ್ಲ ಅಂತ. ಸಿಗೋಣ್ರಿ.