ಮಕ್ಕಳ ಪುನರುಜ್ಜೀವನ ಚಿಕಿತ್ಸೆಯಲ್ಲಿ ಗಣನೆಯ ಭಾರ: ಕರಸ್ಥ ಸಾಧನಗಳೂ ವೈದ್ಯತಂಡವೂ

ವಯಸ್ಕ ರೋಗಿಯ ಹೃದಯವು ಸ್ತಂಭಿಸಿದಾಗ ಅಡ್ರಿನಲಿನ್ ಎಷ್ಟು ಕೊಡಬೇಕೆಂದು ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಪ್ರತಿ ಸಲವೂ 1 ಮಿಲಿಗ್ರಾಂ ಎಂಬುದು ನಿಯತವಾದದ್ದು. ಮಗುವಿನ ವಿಷಯದಲ್ಲಾದರೋ ಔಷಧದ ಪ್ರಮಾಣ, ಶ್ವಾಸನಾಳಕ್ಕೆ ಇಳಿಸತಕ್ಕ ಕೊಳವೆಯ ಗಾತ್ರ, ಕಿಲೋಗ್ರಾಂ ಒಂದಕ್ಕೆ ಮೊದಲು 2 ಜೂಲ್, ಆಮೇಲೆ 4 ಜೂಲ್ ಎಂಬ ವಿದ್ಯುದಾಘಾತದ ಶಕ್ತಿ, ಇವೆಲ್ಲವೂ ಆ ಮಗುವಿನ ವಯಸ್ಸನ್ನೋ ತೂಕವನ್ನೋ ಅನುಸರಿಸಿ ಹೊಸದಾಗಿ ನಿರ್ಣಯವಾಗಬೇಕು. ಈ ಗಣನೆಯ ಭಾರವನ್ನು ವೈದ್ಯತಂಡದ ಸ್ಮೃತಿಯಿಂದ ಇಳಿಸಿ ಟ್ಯಾಬ್ಲೆಟ್ಟಿನ ಮೇಲೆ ಹೊರಿಸುವ ಪ್ರಯತ್ನಗಳು ಕಳೆದೊಂದು ದಶಕದಲ್ಲಿ ನಡೆದಿವೆ. ಅವುಗಳ ಫಲವನ್ನೂ, ಫಲಕ್ಕೆ ಒಳಗಾಗದೆ ಉಳಿದ ಒಂದು ಅಂಶವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

12 ಕಿಲೋಗ್ರಾಂ ತೂಕದ ಮಗುವೊಂದನ್ನು ಎದುರಿಗಿಟ್ಟುಕೊಂಡು ನೋಡೋಣ. ಕಿಲೋಗ್ರಾಂಗೆ 0.01 ಮಿಲಿಗ್ರಾಂನಂತೆ ಅದಕ್ಕೆ ಸಲ್ಲತಕ್ಕ ಅಡ್ರಿನಲಿನ್ 0.12 ಮಿಲಿಗ್ರಾಂ. ನಮ್ಮ ಆಸ್ಪತ್ರೆಗಳ ತುರ್ತು ಟ್ರಾಲಿಯಲ್ಲಿ ಸಾಮಾನ್ಯವಾಗಿ ದೊರೆಯುವ ಆಂಪೂಲಿನಲ್ಲಿ 1 ಮಿಲಿಲೀಟರಿಗೆ 1 ಮಿಲಿಗ್ರಾಂ ಔಷಧವಿರುವುದರಿಂದ, ನರ್ಸ್ ಅದನ್ನು 10 ಮಿಲಿಲೀಟರಿನ ಸಿರಿಂಜಿಗೆ ಎಳೆದು, 9 ಮಿಲಿಲೀಟರ್ ಸಲೈನ್ ಬೆರೆಸಿ, ಆ ಮಿಶ್ರಣದಲ್ಲಿ 1.2 ಮಿಲಿಲೀಟರನ್ನು ಮಾತ್ರ ಕೊಡಬೇಕು. ಬೆರೆಸುವ ಆ ಒಂದು ಹಂತ ತಪ್ಪಿ, ಅಳತೆ ಮಾತ್ರ 1.2 ಮಿಲಿಲೀಟರೇ ಉಳಿದರೆ, ಮಗುವಿನ ರಕ್ತಕ್ಕೆ ಹತ್ತು ಪಟ್ಟು ಔಷಧ ಸೇರುತ್ತದೆ. ಸಿರಿಂಜಿನಲ್ಲಿರುವ ದ್ರವವನ್ನು ಕಣ್ಣಿನಿಂದ ನೋಡಿ ಈ ಭೇದವನ್ನು ತಿಳಿಯುವುದು ಸಾಧ್ಯವಿಲ್ಲ. ಪಕ್ಕದಲ್ಲಿಯೇ ಒಬ್ಬರು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಎದೆಯನ್ನು ಒತ್ತುತ್ತಿರುವಾಗ, ಎರಡು ನಿಮಿಷಗಳಿಗೊಮ್ಮೆ ಒತ್ತುವವರು ಬದಲಾಗುತ್ತಿರುವಾಗ, 3ರಿಂದ 5 ನಿಮಿಷಗಳಿಗೊಮ್ಮೆ ಔಷಧವು ಪುನರಾವರ್ತನೆಯಾಗಬೇಕಾಗಿರುವಾಗ, ಅತ್ಯಂತ ನಿಷ್ಠಾವಂತರಾದ ನರ್ಸ್ ಕೂಡ ಎಡವುವ ಸಂಭವವಿದೆಯೆಂಬುದನ್ನು ಒಪ್ಪದೆ ಇರಲಾಗದು. ಇಂಥ ಪ್ರಮಾದಕ್ಕೆ ವ್ಯಕ್ತಿಯನ್ನು ದೂಷಿಸುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಈ ಭಾರವನ್ನು ಹಗುರಮಾಡುವ ಯತ್ನ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ ರೂಪಿಸಿದ ಬಣ್ಣದ ಪಟ್ಟಿಯನ್ನು ಮಗುವಿನ ಪಕ್ಕದಲ್ಲಿ ಹಾಸಿದರೆ, ಮಗುವಿನ ಉದ್ದದಿಂದ ತೂಕದ ಅಂದಾಜೂ ಔಷಧದ ಪ್ರಮಾಣವೂ ದೊರೆಯುವುವು. ಆದರೆ ಭಾರತೀಯ ಮಕ್ಕಳನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, 10 ಕಿಲೋಗ್ರಾಂ ಮೀರಿದ ಮಕ್ಕಳಲ್ಲಿ ಆ ಪಟ್ಟಿಯು ತೂಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದೆಂದು ಕಂಡುಕೊಂಡಿತು.

ಟ್ಯಾಬ್ಲೆಟ್ಟಿನ ಕಾಲಕ್ಕೆ ಬಂದರೆ, ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ನಿರ್ಮಿತವಾದ ಪೆಡಮೈನ್ಸ್ ಎಂಬ ಆ್ಯಪ್ ವಿಶೇಷವಾಗಿ ಗಮನಾರ್ಹವಾದದ್ದು. ತೂಕವನ್ನು ನಮೂದಿಸಿದೊಡನೆ ಅದು ಅಂತಿಮ ಪ್ರಮಾಣವನ್ನಷ್ಟೇ ಹೇಳಿ ಸುಮ್ಮನಾಗದೆ, ಔಷಧವನ್ನು ಸಿದ್ಧಪಡಿಸುವ ಕ್ರಮವನ್ನೂ ಹಂತಹಂತವಾಗಿ ತೋರಿಸುತ್ತದೆ. ಡೋಪಮಿನ್‌ನಂತಹ ಔಷಧವನ್ನು ನಿಮಿಷಕ್ಕಿಷ್ಟು ಮೈಕ್ರೋಗ್ರಾಂ ಎಂದು ಆದೇಶಿಸಿ, ಪಂಪಿನಲ್ಲಿ ಗಂಟೆಗಿಷ್ಟು ಮಿಲಿಲೀಟರ್ ಎಂದು ನಮೂದಿಸಬೇಕಾದ ಕಡೆ, ಈ ಕ್ರಮದರ್ಶನದ ಬೆಲೆ ಸಾಮಾನ್ಯವಾದದ್ದಲ್ಲ. ಸ್ವಿಟ್ಜರ್ಲೆಂಡಿನ 6 ಮಕ್ಕಳ ತುರ್ತು ಚಿಕಿತ್ಸಾ ಕೇಂದ್ರಗಳ ನರ್ಸ್‌ಗಳನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತಪ್ಪುಗಳೂ, ಔಷಧಸಿದ್ಧತೆಗೆ ಹಿಡಿಯುವ ಕಾಲವೂ ಗಣನೀಯವಾಗಿ ಇಳಿದುವು. 2021ರಲ್ಲಿ ಆಂಬುಲೆನ್ಸ್ ಸಿಬ್ಬಂದಿಯ ನಡುವೆಯೂ ತಪ್ಪುಗಳು ಕಡಮೆಯಾದುದು ಕಂಡುಬಂದಿತು. ಎರಡೂ ಕೃತಕ ಗೊಂಬೆಯ ಮೇಲೆ ನಡೆದವು. ಜೀವಂತ ಮಗುವಿನ ಉಳಿವಿನ ಮಾತನ್ನು ಇವುಗಳಿಂದ ಊಹಿಸಲಾಗದು.

ಔಷಧವನ್ನು ಬಿಟ್ಟು ಇಡೀ ತಂಡವನ್ನು ಗುರಿಯಾಗಿಟ್ಟುಕೊಂಡದ್ದು ಇಟಲಿಯ ಸಂಶೋಧಕರು. ತಂಡದ ನಾಯಕನ ಕೈಯಲ್ಲಿರುವ ಆ್ಯಪ್ ಚಿಕಿತ್ಸೆಯ ಮುಂದಿನ ಹೆಜ್ಜೆಯನ್ನು ಸೂಚಿಸುವಂತೆ ಮಾಡಿ, ಕಾಗದದ ಸೂಚಿಯನ್ನು ಹಿಡಿದ ತಂಡಗಳೊಡನೆಯೂ ಏನೊಂದೂ ಇಲ್ಲದ ತಂಡಗಳೊಡನೆಯೂ ಅವರು ಹೋಲಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ್ಯಪ್ ಬಳಸಿದವರು ಮಾರ್ಗಸೂಚಿಯಿಂದ ತಪ್ಪಿದ್ದು ಕಡಮೆ. ಮುಂದಿನ ಹೆಜ್ಜೆಯನ್ನು ನೆನಪಿಟ್ಟುಕೊಳ್ಳುವ ಹೊಣೆಯಿಂದ ಬಿಡುಗಡೆಗೊಂಡ ನಾಯಕನ ದೃಷ್ಟಿ ಮಗುವಿನ ಮೇಲೆಯೂ ಸಂಗಡಿಗರ ಮೇಲೆಯೂ ನಿಲ್ಲಬಲ್ಲುದು ಎಂಬುದೇ ಇಲ್ಲಿಯ ಸಾರವೆಂದು ನಾನು ಭಾವಿಸುತ್ತೇನೆ; ಆ ದೃಷ್ಟಿಯು ಪರದೆಗೇ ಅಂಟಿಕೊಂಡುಬಿಟ್ಟರೆ ಲಾಭವೆಲ್ಲ ನಷ್ಟವಾಗುವುದು.

ಈಗ ಉಳಿದ ಅಂಶ. ಇಂಥ ಆ್ಯಪ್‌ಗಳು ತೂಕವನ್ನು ತಾವಾಗಿ ತಿಳಿಯಲಾರವು. ಹಿಂದೆ ಒಬ್ಬೊಬ್ಬರು ಒಂದೊಂದು ತಪ್ಪನ್ನು ಮಾಡಬಹುದಾಗಿದ್ದ ಕಡೆ, ಈಗ ಒಂದೇ ತಪ್ಪು ಸಂಖ್ಯೆಯು ಔಷಧ, ಕೊಳವೆ, ವಿದ್ಯುದಾಘಾತ ಎಲ್ಲದರೊಳಕ್ಕೂ ನಿರ್ದುಷ್ಟವಾದ ಗಣಿತದ ಮೂಲಕವೇ ಹರಡಬಲ್ಲುದು. ಆದಕಾರಣ ತೂಕವನ್ನು ನಮೂದಿಸುವವರು ಅದನ್ನು ಗಟ್ಟಿಯಾಗಿ ಹೇಳತಕ್ಕದ್ದು, ಮತ್ತೊಬ್ಬರು ಮಗುವನ್ನು ನೋಡಿ ಅದನ್ನು ಮರುನುಡಿಯತಕ್ಕದ್ದು. ಪರದೇಶದಲ್ಲಿ ತಯಾರಾದ ಸಾಧನವನ್ನು ನಮ್ಮ ವಾರ್ಡಿಗೆ ತರುವ ಮುನ್ನ, ಅದು ಮೊದಲೇ ಬೆರೆಸಿ ತುಂಬಿಟ್ಟ ಸಿರಿಂಜನ್ನು ಭಾವಿಸಿದೆಯೋ, ನಮ್ಮ ಆಂಪೂಲನ್ನು ಭಾವಿಸಿದೆಯೋ ಎಂಬುದನ್ನು ಟ್ರಾಲಿಯ ಮುಂದೆಯೇ ನಿಂತು, ಆಂಪೂಲಿನ ಲೇಬಲ್ಲನ್ನು ಓದಿ, ಆ ಟ್ರಾಲಿಯನ್ನು ದಿನವೂ ಬಳಸುವ ನರ್ಸ್‌ಗಳೇ ಸರಿಹೋಲಿಸಿ ನೋಡತಕ್ಕದ್ದು.