ನದಿಯ ಕೆಳಗಣ ಕಡಲು

ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಪೂಂಪುಹಾರಿನ ಬಳಿ ಕಡಲನ್ನು ಸೇರುವುದೆಂದು ನಾವೆಲ್ಲರೂ ಬಲ್ಲೆವು. ಆದರೆ ತಿರುಚಿರಾಪಳ್ಳಿಯನ್ನು ದಾಟಿದ ಮೇಲೆ ಅವಳು ಹರಿಯುವುದು ಇನ್ನೊಂದು ಕಡಲಿನ ಮೇಲೆ. ಆ ಕಡಲು ಈಗ ಕಲ್ಲಾಗಿದೆ. ಭೂವಿಜ್ಞಾನಿಗಳು ಅದನ್ನು ಕಾವೇರಿ ದ್ರೋಣಿ ಎನ್ನುತ್ತಾರೆ. ಹೆಸರು ನದಿಯದಾದರೂ ವಯಸ್ಸಿನಲ್ಲಿ ದ್ರೋಣಿಯೇ ಹಿರಿದು.

ಕೇ ಮತ್ತು ಕನ್‌ಲಿಫ್ ಎಂಬ ಇಬ್ಬರು ಆ ಸೀಮೆಯಲ್ಲಿ ಆಯ್ದ ಶಿಲೀಭೂತ ಶಂಖಗಳನ್ನೂ ಚಿಪ್ಪುಗಳನ್ನೂ 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಲಂಡನ್ನಿನಲ್ಲಿ ವಿವರಿಸಿದನು. 1862ರಲ್ಲಿ ಬ್ಲಾನ್‌ಫರ್ಡ್ ಅಲ್ಲಿನ ಶಿಲಾಪದರಗಳನ್ನು ಊಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರಾಗಿ ವಿಂಗಡಿಸಿದನು. ಮೊರೇವಿಯಾದಿಂದ ಬಂದ ಸ್ಟೋಲಿಚ್ಕಾ ಈ ಜೀವಿಗಳನ್ನು ಒಂದೊಂದಾಗಿ ಗುರುತಿಸಿ ಬೃಹತ್ ಸಂಪುಟಗಳಲ್ಲಿ ನಿರೂಪಿಸಿದನು. 1874ರಲ್ಲಿ, ಮೂವತ್ತಾರರ ಹರೆಯದಲ್ಲಿ, ಲಡಾಖಿನ ದಾರಿಯಲ್ಲಿ ತೀರಿಕೊಂಡನು. ಇಲ್ಲಿ ಕಡಲಿತ್ತೆಂದು ಇವರೆಲ್ಲರೂ ಅರಿತಿದ್ದರು. ಅದು ಏಕೆ ಬಂದಿತೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಮಾತ್ರ 20ನೆಯ ಶತಮಾನದಲ್ಲಿ.

ಸುಮಾರು ಹದಿಮೂರು ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಮಹಾಖಂಡ ಒಡೆದು, ಭಾರತವು ಅಂಟಾರ್ಕ್ಟಿಕದಿಂದ ಬೇರ್ಪಡತೊಡಗಿತು. ಹಿಗ್ಗಿದ ನೆಲ ಬಿರಿಯಿತು. ಕೆಲವು ತುಂಡುಗಳು ಕುಸಿದವು, ನಡುವೆ ಕೆಲವು ದಿಣ್ಣೆಗಳಾಗಿ ಉಳಿದವು. ತಗ್ಗುಗಳಿಗೆ ಮೊದಲು ಅಂದಿನ ಹೊಳೆಗಳು ಮರಳನ್ನೂ ಗಿಡಗಳ ಎಲೆಗಳನ್ನೂ ತಂದು ಸುರಿದವು. ಬಳಿಕ ಸಮುದ್ರ ಒಳನುಗ್ಗಿತು. ತೆಳುವಾದ ಭೂಚಿಪ್ಪು ಕಾಲಕ್ರಮದಲ್ಲಿ ತಣಿದು, ಕುಗ್ಗಿ, ಕೆಳಗಿಳಿಯಿತು. ಮೇಲೆ ಬಿದ್ದ ಮಣ್ಣಿನ ಭಾರವೇ ಅದನ್ನು ಇನ್ನಷ್ಟು ಕೆಳಗೊತ್ತಿತು. ಆಳವಿಲ್ಲದ ಕಡಲಿನಲ್ಲಿಯೂ ಮೈಲಿಗಟ್ಟಲೆ ದಪ್ಪದ ಪದರಗಳು ಕೂಡಿದ್ದರ ಗುಟ್ಟು ಇದೇ. ಅವುಗಳಲ್ಲಿ ಹೂತುಹೋದ ಜೀವಾಂಶ ಕಾವಿಗೆ ಬೆಂದು ಎಣ್ಣೆಯಾಯಿತು; 1980ರ ದಶಕದಲ್ಲಿ ನರಿಮಣಂ ಎಂಬಲ್ಲಿ ಅದು ಸಿಕ್ಕಿತು.

ಈ ಕತೆಯಲ್ಲಿ ನಮಗೊಂದು ಲೆಕ್ಕವಿದೆ. ನೆಲ ಎಷ್ಟು ತಗ್ಗುವುದೋ ಅಷ್ಟು ಮಣ್ಣು ಬಂದರೆ ಕರಾವಳಿ ನಿಲ್ಲುತ್ತದೆ. ಬಾರದಿದ್ದರೆ ಕಡಲು ಬರುತ್ತದೆ. ಅಂದು ಬಂದದ್ದೂ ಹೀಗೆಯೇ. ಕೊಡಗಿನಿಂದ ಕೊಚ್ಚಿಬಂದ ಮಣ್ಣನ್ನು ಇಂದು ಕನ್ನಂಬಾಡಿ ಕಟ್ಟೆ ತಡೆಯುತ್ತದೆ; ಉಳಿದುದನ್ನು 1934ರಲ್ಲಿ ಮುಗಿದ ಮೆಟ್ಟೂರು ತಡೆಯುತ್ತದೆ. ಕಟ್ಟೆಗಳಿಲ್ಲದೆ ನಮಗೆ ಅನ್ನವಿಲ್ಲ, ನಿಜ. ಆದರೂ ನೀರಿನ ಪಾಲಿಗಾಗಿ ನೂರು ವರ್ಷಕ್ಕೂ ಮಿಗಿಲಾಗಿ ವಾದಿಸಿದ ನಾವು ಮಣ್ಣಿನ ಪಾಲನ್ನು ಕುರಿತು ಮಾತನಾಡಿದ್ದು ಕಡಿಮೆ. ನದಿ ಒಯ್ಯುವುದು ನೀರನ್ನಷ್ಟೇ ಅಲ್ಲ, ತಾನು ಹರಿಯಬೇಕಾದ ನೆಲವನ್ನೂ ಹೊತ್ತು ತರುತ್ತದೆ.