ಹೆಸರಿಗೆ ಮೊದಲು ಬರುವ ರೋಗ: ತುರ್ತು ಚಿಕಿತ್ಸಾ ವಿಭಾಗದ ದಾದಿಯರೂ ಸೋಂಕು ನಿವಾರಣೆಯ ಇತಿಹಾಸವೂ

ಆಸ್ಪತ್ರೆಗಳಲ್ಲಿ ಸೋಂಕನ್ನು ತಡೆಗಟ್ಟಿದ ಬಗೆಯನ್ನು ಶೋಧಗಳ ಇತಿಹಾಸವಾಗಿ ನಿರೂಪಿಸುವುದು ವಾಡಿಕೆ. ವಿಯೆನ್ನಾದಲ್ಲಿ 1847ರಲ್ಲಿ ಸೆಮೆಲ್‌ವೈಸನು ಕೈ ತೊಳೆಯುವ ನಿಯಮವನ್ನು ತಂದದ್ದು, ಸೂಕ್ಷ್ಮಜೀವಿಗಳ ಪತ್ತೆ, ನೂತನ ಔಷಧಗಳು, ಇವೇ ಆ ನಿರೂಪಣೆಯ ಮೈಲಿಗಲ್ಲುಗಳು. ಆದರೆ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ನಿಂತ ದಾದಿಯ ಕಡೆಯಿಂದ ನೋಡಿದಾಗ ಇದೇ ಇತಿಹಾಸ ಬೇರೆಯಾಗಿ ತೋರುತ್ತದೆ. ವಾರ್ಡಿಗೆ ಬರುವ ರೋಗಿಯೊಡನೆ ಅವನ ರೋಗದ ಹೆಸರೂ ಬಹುಮಟ್ಟಿಗೆ ಬಂದಿರುತ್ತದೆ. ತುರ್ತು ವಿಭಾಗಕ್ಕೆ ಬರುವವನಾದರೋ ಕೆಮ್ಮು, ಜ್ವರ, ಗಾಯಗಳೊಡನೆ ಬರುತ್ತಾನೆ. ಹೆಸರು ಬರುವುದು ಅನಂತರ. ಆ ನಡುವಣ ಅವಧಿಯಲ್ಲಿ ಅವನ ಸಮೀಪದಲ್ಲಿರುವವಳು ದಾದಿ. ಈ ಅವಧಿಯೇ ನಮ್ಮ ವಿಚಾರದ ವಸ್ತು.

ಬಹುಕಾಲದವರೆಗೆ ಮುನ್ನೆಚ್ಚರಿಕೆಯು ರೋಗದ ಹೆಸರನ್ನು ಅವಲಂಬಿಸಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 1970ರಲ್ಲಿ ಪ್ರಕಟಿಸಿದ ಕೈಪಿಡಿಯು ಪ್ರತ್ಯೇಕವಾಸವನ್ನು 7 ವರ್ಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬಣ್ಣದ ಚೀಟಿಯನ್ನು ಗೊತ್ತುಮಾಡಿತ್ತು. ರೋಗವು ತಿಳಿಯದೆ ಚೀಟಿಯನ್ನು ತೂಗುಹಾಕುವಂತಿರಲಿಲ್ಲ. ಏಡ್ಸ್ ರೋಗದ ಭೀತಿಯು ಈ ಕ್ರಮವನ್ನು ಬದಲಿಸಿತು. ಯಾರ ರಕ್ತದಲ್ಲಿ ಸೋಂಕಿದೆಯೆಂಬುದನ್ನು ನೋಟದಿಂದ ತಿಳಿಯಲಾಗದು. ಆದ್ದರಿಂದ ಎಲ್ಲ ರೋಗಿಗಳ ರಕ್ತವನ್ನೂ ಶಂಕಿಸಿಯೇ ನಡೆದುಕೊಳ್ಳಬೇಕೆಂಬ ಸಾರ್ವತ್ರಿಕ ಮುನ್ನೆಚ್ಚರಿಕೆ 1985ರಲ್ಲಿ ಬಂದಿತು. 1996ರಲ್ಲಿ ಅದನ್ನು ವಿಸ್ತರಿಸಿ, ಸರ್ವ ರೋಗಿಗಳಿಗೂ ಅನ್ವಯಿಸುವ ಸಾಮಾನ್ಯ ಮುನ್ನೆಚ್ಚರಿಕೆಯೆಂದು ಕರೆದರು. ತತ್ತ್ವವು ಇಲ್ಲಿಗೆ ಹೆಸರಿನ ಹಂಗನ್ನು ತೊರೆಯಿತೆನ್ನಬಹುದು, ಆಚರಣೆಯು ತೊರೆಯಿತೆ?

ಇದಕ್ಕೆ ಉತ್ತರ ಕೆನಡಾದ ಟೊರಾಂಟೊ ನಗರದಲ್ಲಿ ದೊರೆಯಿತು. 2003ರ ಮಾರ್ಚ್ 7ರಂದು ಜ್ವರ, ಕೆಮ್ಮುಗಳಿಂದ ಬಳಲುತ್ತಿದ್ದವನೊಬ್ಬನು ಅಲ್ಲಿನ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದನು. ಹಾಂಗ್‌ಕಾಂಗಿನಿಂದ ಹಿಂದಿರುಗಿದ್ದ ಅವನ ತಾಯಿ ಎರಡು ದಿನಗಳ ಹಿಂದೆ ತೀರಿಹೋಗಿದ್ದಳು. ಆ ರಾತ್ರಿಯನ್ನು ಅವನು ಇತರ ರೋಗಿಗಳ ಮಧ್ಯೆಯೇ ಕಳೆದನು. ಕ್ಷಯವಿರಬಹುದೆಂದು ಶಂಕಿಸಿ ಅವನನ್ನು ಪ್ರತ್ಯೇಕಿಸಿದ್ದು ಆಮೇಲೆ. ವಿಶ್ವ ಆರೋಗ್ಯ ಸಂಸ್ಥೆಯು ಈ ವ್ಯಾಧಿಗೆ ಸಾರ್ಸ್ ಎಂದು ಹೆಸರಿಟ್ಟದ್ದು ಮಾರ್ಚ್ 15ರಂದು. ರೋಗಕ್ಕೂ ಅದರ ಹೆಸರಿಗೂ ನಡುವೆ 8 ದಿನಗಳ ಅಂತರವಿತ್ತು. ಆ ವರ್ಷ ಕೆನಡಾದಲ್ಲಿ ಸಾರ್ಸಿನಿಂದ ಮಡಿದವರು 44 ಮಂದಿ. ಅವರಲ್ಲಿ ಇಬ್ಬರು ದಾದಿಯರು, ಒಬ್ಬರು ವೈದ್ಯರು.

ಇದಕ್ಕಿಂತಲೂ ಗಮನಾರ್ಹವಾದುದು ಮೇ ತಿಂಗಳ ಸಂಗತಿ. ವ್ಯಾಧಿಯು ಅಡಗಿತೆಂದು ಭಾವಿಸಿ ಕಟ್ಟುಪಾಡುಗಳನ್ನು ಸಡಿಲಿಸಿದಾಗ, ನಗರದ ಮತ್ತೊಂದು ಆಸ್ಪತ್ರೆಯ ದಾದಿಯರು ರೋಗವು ಮರುಕಳಿಸಿದೆಯೆಂದು ಎಚ್ಚರಿಸಿದರು. ಅವರ ಮಾತಿಗೆ ಮನ್ನಣೆ ಸಿಗಲಿಲ್ಲ, ಮಾತು ಸತ್ಯವಾಯಿತು. ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ವಿಚಾರಣಾ ಆಯೋಗದ ಅಂತಿಮ ವರದಿ 2007ರ ಜನವರಿಯಲ್ಲಿ ಹೊರಬಂದಿತು. ಅಪಾಯವನ್ನು ತಗ್ಗಿಸುವ ಯುಕ್ತ ಕ್ರಮವು ವೈಜ್ಞಾನಿಕ ನಿಶ್ಚಯಕ್ಕಾಗಿ ಕಾಯಬೇಕಾಗಿಲ್ಲವೆಂಬುದು ಅದರ ಮುಖ್ಯ ಬೋಧೆ. ಅದೇ ವರ್ಷ ಅಮೆರಿಕದ ನಿಯಮಾವಳಿಯು ಕೆಮ್ಮುವವರಿಗೆ ಮುಖವಸ್ತ್ರ ಕೊಟ್ಟು ದೂರ ಕೂರಿಸುವ ಕ್ರಮವನ್ನು ತುರ್ತು ವಿಭಾಗದ ಬಾಗಿಲಿಗೇ ತಂದಿತು.

ನಿಯಮವೊಂದೇ ಸಾಲದೆಂಬುದೂ ಬೇಗ ತಿಳಿಯಿತು. 2015ರ ಮೇ ತಿಂಗಳಲ್ಲಿ ಸೋಲ್ ನಗರದ ದೊಡ್ಡ ಆಸ್ಪತ್ರೆಯೊಂದರ ಕಿಕ್ಕಿರಿದ ತುರ್ತು ವಿಭಾಗದಲ್ಲಿ ಮೂರು ದಿನಗಳಿದ್ದ ಒಬ್ಬ ರೋಗಿಯಿಂದ 80ಕ್ಕೂ ಹೆಚ್ಚು ಮಂದಿಗೆ ಮೆರ್ಸ್ ಸೋಂಕು ತಗಲಿತು. ಮಂಚಗಳ ನಡುವೆ ಎಡೆಯೇ ಇಲ್ಲದ ಕಡೆ ದಾದಿಯು ಯಾರನ್ನು ಎಲ್ಲಿ ಪ್ರತ್ಯೇಕಿಸಿಯಾಳು?

ನಮ್ಮ ನೆರೆಯಲ್ಲೇ ನಡೆದುದು ಇನ್ನೂ ಹೃದಯವಿದ್ರಾವಕ. 2018ರ ಮೇ ತಿಂಗಳ ಆರಂಭದಲ್ಲಿ ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ದಾದಿ ಲಿನಿಯವರು ಜ್ವರಪೀಡಿತನೊಬ್ಬನ ಶುಶ್ರೂಷೆ ಮಾಡಿದರು. ನಿಪಾ ವಿಷಾಣುವಿನ ಪತ್ತೆ ಮಣಿಪಾಲದ ಪ್ರಯೋಗಾಲಯದಲ್ಲಿ ಆಗಿ, ಪುಣೆಯಲ್ಲಿ ದೃಢಪಡುವ ವೇಳೆಗೆ ಅವರೇ ಸಾವಿನ ಅಂಚಿನಲ್ಲಿದ್ದರು. ಮೇ 21ರಂದು ತೀರಿಕೊಂಡರು.

ಈ ನಿದರ್ಶನಗಳಿಂದ ನಾವು ಗ್ರಹಿಸುವುದಿಷ್ಟು. ಸೋಂಕು ತಗಲಿದೊಡನೆ ದಾದಿಯ ಅಜಾಗರೂಕತೆಯನ್ನು ಹುಡುಕುವುದು ಸುಲಭ. ಇತಿಹಾಸವು ಆ ತೀರ್ಪನ್ನು ಸಮರ್ಥಿಸುವುದಿಲ್ಲ. ಹೆಸರಿಲ್ಲದ ರೋಗವನ್ನು ಎದುರಿಸುವವಳಿಗೆ ಸ್ಥಳ, ಸಾಮಗ್ರಿ, ಸಾಕಷ್ಟು ಸಂಗಡಿಗರು, ಇವುಗಳ ಜೊತೆಗೆ ಅವಳ ಮಾತಿಗೆ ಮನ್ನಣೆ ಇರಬೇಕು. ಇವುಗಳನ್ನು ಒದಗಿಸುವ ಹೊಣೆ ಅವಳದಲ್ಲ, ಸಂಸ್ಥೆಯದು.